ಒಂದು ಲಕ್ಷದ ಮೂರು

ಮಲಪ್ರಭೆಯ ದಂಡೆಯಲ್ಲಿ ಈಶಾನಯ್ಯನವರು ಗಣಿತ ಕಲಿಸುತ್ತಿದ್ದರು. ಲೆಕ್ಕವೆಲ್ಲ ಮರಳಿನ ಮೇಲೆ. ಅಳಿಸುವ ಮುಂಚೆ ಚಿಟಿಕೆ ಮರಳನ್ನು ಕಣ್ಣಿಗೊತ್ತಿಕೊಳ್ಳಬೇಕು. ಅದು ಆ ಆಶ್ರಮದ ಪದ್ಧತಿ.

ಕೊನೆಯ ಪರೀಕ್ಷೆಗೆ ಗುರುಗಳು ಒಬ್ಬೊಬ್ಬನಿಗೂ ಒಂದೊಂದು ದೊಡ್ಡ ಸಂಖ್ಯೆ ಕೊಡುವರು. ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು, ಅದನ್ನು ಶೇಷವಿಲ್ಲದೆ ಭಾಗಿಸುವ ಇನ್ನೊಂದನ್ನು ಹುಡುಕಿ ತರಬೇಕು. ತಂದವನು ಅಲ್ಲೇ ಉಳಿದು ಕಿರಿಯರಿಗೆ ಕಲಿಸಬಹುದು. ತಾರದವನು ಊರಿನ ದಾರಿ ಹಿಡಿಯಬೇಕು.

ಕೇತಣ್ಣನಿಗೆ ಸಿಕ್ಕಿದ್ದು ಒಂದು ಲಕ್ಷದ ಮೂರು.

ಜೊತೆಯವರು ಊಟದ ಹೊತ್ತಿಗೆಲ್ಲ ಉತ್ತರ ತಂದು ನೆಮ್ಮದಿಯಾಗಿ ಮಜ್ಜಿಗೆ ಕುಡಿದರು. ಇವನ ಸಂಖ್ಯೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮೂರರಿಂದ ಭಾಗಿಸಿದರೆ ಒಂದು ಉಳಿಯಿತು. ಏಳರಿಂದ ಭಾಗಿಸಿದರೂ ಒಂದು. ಹನ್ನೊಂದಕ್ಕೆ ಎರಡು. ಹೀಗೇ ವಾರಗಳು ಕಳೆದವು.

ಒಂದು ಬೆಳಿಗ್ಗೆ ಕೇತಣ್ಣ ಲೆಕ್ಕವನ್ನೆಲ್ಲ ಕಾಲಿನಿಂದಲೇ ಅಳಿಸಿದ. ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಸಿಗಲಿಲ್ಲ ಗುರುಗಳೇ. ಏನಾದರೊಂದು ಹೇಳಿಬಿಡೋಣ ಅನ್ನಿಸಿತು. ಮನಸ್ಸು ಬರಲಿಲ್ಲ. ಹೋಗಿ ಬರುತ್ತೇನೆ."

"ಎಲ್ಲಿಯವರೆಗೆ ನೋಡಿದೆ?"

"ಮುನ್ನೂರ ಹದಿಮೂರರವರೆಗೆ."

"ಅಷ್ಟಕ್ಕೇ ಸುಸ್ತಾದೆಯಾ? ಮುಂದೆ ಇನ್ನೂ ಎಷ್ಟೊಂದು ಸಂಖ್ಯೆಗಳಿವೆ!"

"ಮುಂದೆ ನೋಡಬೇಕಿಲ್ಲ ಗುರುಗಳೇ. ದೊಡ್ಡದೊಂದು ಭಾಗಿಸಬೇಕಾದರೆ ಅದರ ಜೊತೆಗೆ ಚಿಕ್ಕದೊಂದು ಇರಲೇಬೇಕು. ಮುನ್ನೂರ ಹದಿನೇಳನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆಯನ್ನೇ ದಾಟುತ್ತದೆ. ಚಿಕ್ಕವನ್ನೆಲ್ಲ ನೋಡಿಯಾಯಿತು."

"ಆರನ್ನು ನೋಡಿದೆಯಾ?"

"ಎರಡೇ ಭಾಗಿಸದ ಮೇಲೆ ಆರು ಹೇಗೆ ಭಾಗಿಸೀತು?"

"ಹಾಗಾದರೆ ಸಿಗಲಿಲ್ಲ ಅಂತೀಯೋ, ಇಲ್ಲ ಅಂತೀಯೋ?"

ಕೇತಣ್ಣ ಗಟ್ಟಿಯಾಗಿ ಹೇಳಿದ: "ಇಲ್ಲ. ಅದನ್ನು ಭಾಗಿಸುವ ಸಂಖ್ಯೆಯೇ ಇಲ್ಲ."

"ಇಷ್ಟೆಲ್ಲ ನಾನು ನಿನಗೆ ಹೇಳಿಕೊಟ್ಟಿರಲಿಲ್ಲವಲ್ಲ. ಯಾರು ಕಲಿಸಿದರು?"

"ಯಾರೂ ಕಲಿಸಲಿಲ್ಲ ಗುರುಗಳೇ."

ಗುರುಗಳು ಬಗ್ಗಿ, ಅವನು ಕಾಲಾಡಿಸಿದ್ದ ಮರಳಿನಲ್ಲಿ ಬೆರಳಿನಿಂದ ಬರೆದರು: ಒಂದು, ನಾಲ್ಕು ಸೊನ್ನೆ, ಮೂರು.

ಕೇತಣ್ಣ ಅದನ್ನೇ ನೋಡುತ್ತ ನಿಂತ. ಇಷ್ಟು ದಿನ ತನ್ನನ್ನು ಸತಾಯಿಸಿದೆ ಎಂದು ಬೈದುಕೊಂಡದ್ದು ಇದನ್ನೇ. ಒಂದು ದಿನವೂ ಬೇಸರಿಸದೆ ಎದುರು ಕುಳಿತು ಕಲಿಸಿದ್ದೂ ಇದೇ. ಮಂಡಿಯೂರಿ ಚಿಟಿಕೆ ಮರಳನ್ನು ಕಣ್ಣಿಗೊತ್ತಿಕೊಂಡ. ಕೃತಜ್ಞತೆಯಿಂದ ಕಣ್ಣು ಒದ್ದೆಯಾಗಿ ಮರಳು ರೆಪ್ಪೆಗೆ ಅಂಟಿತು.

ಗುರುಗಳು ಅವನ ಹೆಗಲಿನ ಗಂಟನ್ನು ಇಳಿಸಿ, ಒಳಗೆ ಹೋಗಿ ಕಿರಿಯರಿಗೆ ಕಲಿಸುವವರ ಗೂಟಕ್ಕೆ ತೂಗುಹಾಕಿದರು. ತಿರುಗಿ ಬಂದು ಅವನ ಪಕ್ಕದಲ್ಲೇ ಮಂಡಿಯೂರಿದರು.

"ಸ್ವಲ್ಪ ಆಚೆ ಸರಿ, ಕೇತಣ್ಣ. ನನಗೂ ಕಲಿಸಿದ್ದು ಇದೇ."