ತವರಿನ ಒಳದಾರಿ

ರಕ್ತ ಗಟ್ಟಿಯಾಗುವುದಕ್ಕೆ ನಮ್ಮೂರಲ್ಲಿ ಒಂದು ಮಾತಿತ್ತು. ಕರ... ಕರಟೆಯೋ? ಅಲ್ಲ, ಕರಣೆ. ಕರಣೆ ಕಟ್ಟುವುದು.

ಲ್ಯಾಬಿನ ಎರಡು ಗಾಜಿನ ನಳಿಕೆಗಳಲ್ಲಿ ನೀಲವ್ವನ ರಕ್ತದ ತಿಳಿ ಅಕ್ಕತಂಗಿಯರಂತೆ ಕೂತಿತ್ತು. ಮರುದಿನ ನೀಲವ್ವನಿಗೆ ಆಪರೇಷನ್; ರಕ್ತ ಸರಿಯಾಗಿ ಕಟ್ಟುತ್ತದೆಯೇ ಎಂದು ನೋಡಬೇಕಿತ್ತು. ಕರಣೆ ಕಟ್ಟಲು ಎರಡು ದಾರಿ, ಗಾಯದಿಂದ ಹೊರಡುವ ಹೊರದಾರಿ, ರಕ್ತದೊಳಗಿಂದಲೇ ಹೊರಡುವ ಒಳದಾರಿ; ಮುಂದೆ ಎರಡೂ ಕೂಡಿ ಒಂದಾಗುತ್ತವೆ. ಒಂದು ನಳಿಕೆಯ ಅಕ್ಕನಿಗೆ ಗಾಯದ ಸುದ್ದಿ ಮುಟ್ಟಿಸುವ ಮದ್ದು ಹಾಕಿದರು. ಅವಳು ಹೊರದಾರಿ ಹಿಡಿದು ಬೇಗನೆ ಕರಣೆ ಕಟ್ಟಿದಳು. ಇನ್ನೊಂದರ ತಂಗಿಗೆ ಒಳದಾರಿಯನ್ನು ಎಬ್ಬಿಸುವ ಮದ್ದು ಹಾಕಿದರು. ಅವಳು ಹೊತ್ತು ಮೀರಿದರೂ ನೀರಾಗಿಯೇ ಇದ್ದಳು.

"ನಾಚಿಕೆಯಿಲ್ಲವೇನೇ?" ಎಂದಳು ಅಕ್ಕ. "ನೀಲವ್ವನ ಮೈ ನಮ್ಮ ತವರು. ತವರಿನ ಹುಳುಕನ್ನು ಪರರ ಮುಂದೆ ಆಡಿ ತೋರಿಸುತ್ತಾರೆಯೇ? ಎಲ್ಲ ಚೆನ್ನಾಗಿದೆ ಅನ್ನು."

"ಆ ಮೈಯ ಬಿಸುಪನ್ನು ನಾನೂ ಮರೆತಿಲ್ಲ ಅಕ್ಕಾ," ಎಂದಳು ತಂಗಿ. "ನೀನು ಬಂದ ಹೊರದಾರಿ ಚೆನ್ನಾಗಿದೆ. ನಮ್ಮಿಬ್ಬರ ದಾರಿ ಕೂಡಿದ ಮೇಲಿನದೂ ಚೆನ್ನಾಗಿದೆ. ಕೂಡುವ ಮುಂಚೆ, ನನ್ನ ಒಳದಾರಿಯಲ್ಲಿ ಎಲ್ಲೋ ಸೇತುವೆ ಮುರಿದಿದೆ. ಅದನ್ನು ಮುಚ್ಚಿಟ್ಟರೆ ನಾಳೆ ಆಪರೇಷನ್ನಿನಲ್ಲಿ ರಕ್ತ ನಿಲ್ಲದೆ ತವರೇ ಹರಿದುಹೋಗುತ್ತದೆ."

ತಂಗಿ ತಡವಾಗಿ ಕರಣೆ ಕಟ್ಟಿದಳು. ಡಾಕ್ಟರು ಇಬ್ಬರನ್ನೂ ನೋಡಿ, ಆಪರೇಷನ್ ಮುಂದೂಡಿ, ಒಳದಾರಿಯ ಕೊರತೆಯನ್ನು ಹುಡುಕಿ ತುಂಬಿದರು. ನೀಲವ್ವ ಉಳಿದಳು. ಅಕ್ಕತಂಗಿಯರು ಮಾತ್ರ ಮತ್ತೆ ತವರಿಗೆ ಹೋಗಲಿಲ್ಲ.

ಇಳಾ, ಇದನ್ನು ಬರೆದಿಡು ಮಗಳೇ. ಕರಣೆ ಅನ್ನುವ ಮಾತನ್ನು ಬಿಡಬೇಡ. ನನ್ನ ತವರಲ್ಲಿ ಹಾಗೆಯೇ ಅನ್ನುತ್ತಿದ್ದರು.