ಬಣ್ಣ ಕಾಣದ ಅಂಚು

ಗೃಹಪ್ರವೇಶಕ್ಕೆ ಎರಡು ದಿನವಿತ್ತು. ಮಹಡಿಯ ದೇವರ ಕೋಣೆಗೆ ನೆಲವಾಗಿ ಹಾಸಿದ್ದ ಪ್ಲೈವುಡ್ ಹಲಗೆಗೆ ಸಮಾಧಾನವಿರಲಿಲ್ಲ. ಬಡಗಿ ಮೌನೇಶಾಚಾರರು ಹಲಗೆಗಳ ಅಂಚಿಗೆಲ್ಲ ನೀರು ತಡೆಯುವ ಬಣ್ಣ ಬಳಿದಿದ್ದರು. ಇದರ ಬಾಗಿಲ ಕಡೆಯ ಅಂಚು ಮಾತ್ರ ಮರೆತುಹೋಗಿತ್ತು.

"ಮೊಳೆಯಪ್ಪಾ, ಪೂಜೆಗೆ ಮುಂಚೆ ನೆಲ ತೊಳೆಯದೆ ಬಿಡುತ್ತಾರೆಯೇ? ನೀರು ಒಳಗಿಳಿದರೆ ನನ್ನ ಪದರಗಳು ಬಿಟ್ಟುಕೊಳ್ಳುತ್ತವೆ," ಎಂದಿತು ಹಲಗೆ, ತನ್ನನ್ನು ಬಿಗಿದಿದ್ದ ಮೊಳೆಗೆ.

"ಅದಕ್ಕೇನಕ್ಕಾ, ನಾನು ಸ್ವಲ್ಪ ತಲೆ ಎತ್ತುತ್ತೇನೆ. ಆಚಾರರ ಕಾಲಿಗೆ ತಾಗಿದರೆ ಬಗ್ಗಿ ನೋಡುತ್ತಾರೆ, ನಿನ್ನ ಅಂಚೂ ಕಣ್ಣಿಗೆ ಬೀಳುತ್ತದೆ," ಎಂದಿತು ಮೊಳೆ.

"ಬೇಡಪ್ಪಾ. ಕುಂದುಳ್ಳ ಹಲಗೆಯೆಂದು ಕಿತ್ತುಹಾಕಿದರೆ? ದೇವರ ಕೋಣೆ ಸಿಕ್ಕಿದ್ದೇ ನನ್ನ ಪುಣ್ಯ."

"ದೇವರ ಕೋಣೆಯಲ್ಲೇ ಇದ್ದುಕೊಂಡು ಯಾರಿಂದ ಮುಚ್ಚಿಡುತ್ತೀಯಕ್ಕಾ?"

ಹಲಗೆ ಮೊಳೆಯನ್ನು ಮೇಲೇಳಲು ಬಿಡದೆ ಬಿಗಿಯಾಗಿ ಹಿಡಿದುಕೊಂಡಿತು. ಆಚಾರರು ಅದರ ಮೇಲೆಯೇ ಎರಡು ಸಲ ಓಡಾಡಿ ಮನೆಗೆ ಹೋದರು.

ಮರುದಿನ ಮನೆಯೊಡತಿ ಗಂಗವ್ವ ಭಕ್ತಿಯಿಂದ ಕೊಡಗಟ್ಟಲೆ ನೀರು ಸುರಿದು ಕೋಣೆ ತೊಳೆದರು. ಪೂಜೆಯ ಬೆಳಿಗ್ಗೆ ನೋಡಿದರೆ ನೆಲ ಉಬ್ಬಿತ್ತು. ದೀಪದ ಕಂಬ ನೆಟ್ಟಗೆ ನಿಲ್ಲಲೊಲ್ಲದು.

ಆಚಾರರು ಬಂದು ಹಲಗೆಯನ್ನು ಕಿತ್ತರು. ಬಣ್ಣವಿಲ್ಲದ ಅಂಚಿನ ಮೇಲೆ ಬೆರಳಾಡಿಸಿ, "ಇದು ನನ್ನದೇ ಮರೆವು, ತಾಯಿ," ಎಂದರು. "ಮೊನ್ನೆಯೇ ಕಂಡಿದ್ದರೆ ಒಂದು ಕುಂಚದ ಕೆಲಸವಾಗಿತ್ತು."