ಡಾಕ್ಟರರು ಎರಡು ಸಲ ಓದಿದ ಕಾಗದ

ನಾಗವೇಣಿ ನರ್ಸಿಂಗ್ ಪಾಸಾದ ತಿಂಗಳಲ್ಲೇ ಎರಡು ಕೆಲಸ ಒಟ್ಟಿಗೆ ಬಂದವು. ಒಂದು, ಅವಳಿಗೆ ಪಾಠ ಹೇಳಿಕೊಟ್ಟ ಬೆನೆಡಿಕ್ಟಾ ಸಿಸ್ಟರ್ ನಡೆಸುವ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಇನ್ನೊಂದು, ಡಾಕ್ಟರ್ ಚಂದ್ರಮೌಳಿಯವರ ಐದು ಮಹಡಿಯ ಆಸ್ಪತ್ರೆಯಲ್ಲಿ. ಅಲ್ಲಿ ಸಂಬಳ ಜಾಸ್ತಿ. ಯಾವುದಕ್ಕೆ ಹೂಂ ಅನ್ನಬೇಕೆಂದು ವಾರವೆಲ್ಲ ತಲೆ ಕೆಡಿಸಿಕೊಂಡು, ಕೊನೆಗೆ ಐದು ಮಹಡಿಯ ಕಡೆಗೇ ಹೋದಳು.

ಡಾಕ್ಟರರು ಕೈ ಚಾಚಿದರು. "ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ಕೊಡಮ್ಮ. ಮೂರು ವರ್ಷ ನಮ್ಮ ಬೀರುವಿನಲ್ಲಿರುತ್ತವೆ. ಅಲ್ಲಿಯತನಕ ಕೆಲಸ ಬಿಡೋ ಹಾಗಿಲ್ಲ. ಇಲ್ಲಿ ಎಲ್ಲರೂ ಕೊಟ್ಟಿದ್ದಾರೆ."

"ಆಗಲಿ ಸರ್" ಎಂದಳು ನಾಗವೇಣಿ. ಆಪರೇಷನ್ನಿಗೆ ಮುಂಚೆ ರೋಗಿಯ ಕಡೆಯವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವೊಂದನ್ನು ಕೌಂಟರಿನಿಂದ ತಂದು, ಅಲ್ಲೇ ಕೂತು ತುಂಬಿದಳು. ತೆಗೆಯುವುದು: ಆರು ಸರ್ಟಿಫಿಕೇಟು. ಆಗಬಹುದಾದ ಅಪಾಯ: ಗೆದ್ದಲು, ನೀರು, ಕಳೆದುಹೋಗುವುದು. ಹೊಣೆ: ಸಹಿ ಹಾಕಿದವರದು.

"ಇಲ್ಲೊಂದು ಸಹಿ ಸರ್. ಓದೋದೇನೂ ಬೇಡ, ಎಲ್ಲರೂ ಹಾಕುವಂಥದ್ದೇ."

ಇದೇ ಮಾತನ್ನು ದಿನಾ ರೋಗಿಗಳಿಗೆ ಹೇಳಿಸುತ್ತಿದ್ದ ಡಾಕ್ಟರರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಮುಚ್ಚಿದರು.

"ಇಂಥದ್ದಕ್ಕೆ ಯಾರಾದರೂ ಸಹಿ ಹಾಕುತ್ತಾರೇನಮ್ಮ?"

ನಾಗವೇಣಿ ಸರ್ಟಿಫಿಕೇಟುಗಳನ್ನು ಚೀಲಕ್ಕೆ ಹಾಕಿಕೊಂಡು ಮನಸಾರೆ ಕೈಮುಗಿದಳು.

"ನಿಮ್ಮಿಂದ ದೊಡ್ಡ ಉಪಕಾರವಾಯ್ತು ಸರ್. ಎಲ್ಲಿ ಸೇರಬೇಕು ಅಂತ ವಾರದಿಂದ ತಿಳಿಯದೆ ಒದ್ದಾಡ್ತಿದ್ದೆ. ನಮ್ಮ ಸಿಸ್ಟರ್ ಉಗುರು ಕತ್ತರಿಸಿದ್ದೀನಾ ಅಂತ ಮಾತ್ರ ನೋಡಿ, ಸೋಮವಾರ ಬಾ ಅಂದಿದ್ದರು."